ಸಣ್ಣ ದೋಣಿಯ ನೋಂದಣಿ: ಗೊಂದಲದ ಶುಲ್ಕಪಟ್ಟಿಯನ್ನು ಸಾಲುಸಾಲಾಗಿ ಬಿಡಿಸಿಕೊಳ್ಳುವ ಬಗೆ

ದೋಣಿ ಕೊಂಡವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ನೋಂದಣಿಗೆ ಒಟ್ಟು ಎಷ್ಟಾಗುತ್ತೆ?" ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಮಾರಿದವರು ಒಂದು ಮೊತ್ತ ಹೇಳುತ್ತಾರೆ, ಕೌಂಟರ್‌ನಲ್ಲಿ ಕೂತವರು ಇನ್ನೊಂದು ಹೇಳುತ್ತಾರೆ, ಸರ್ಕಾರದ ವೆಬ್‌ಸೈಟ್ ಮೂರನೆಯದನ್ನು ತೋರಿಸುತ್ತದೆ. ಹೆಚ್ಚಿನ ಸಲ ಇವರಲ್ಲಿ ಯಾರದೂ ಸುಳ್ಳಲ್ಲ. ಒಬ್ಬರು ಬರೀ ನೋಂದಣಿ ಶುಲ್ಕ ಹೇಳಿರುತ್ತಾರೆ. ಇನ್ನೊಬ್ಬರು ತೆರಿಗೆ ಸೇರಿಸಿರುತ್ತಾರೆ. ಮತ್ತೊಬ್ಬರ ಲೆಕ್ಕದಲ್ಲಿ ಸ್ಟಿಕ್ಕರ್, ತಪಾಸಣೆ, ಹಳೇ ಬಾಕಿ ಎಲ್ಲವೂ ಸೇರಿರುತ್ತದೆ.

ನನ್ನ ಮೊದಲ ದೋಣಿಗೆ ನಾನೂ ಹೀಗೇ ಒಟ್ಟು ಮೊತ್ತ ಕೇಳಿದೆ, ಕೇಳಿದಷ್ಟು ಕಟ್ಟಿದೆ. ಮನೆಗೆ ಬಂದು ರಸೀದಿ ನೋಡಿದಾಗ ಅದರಲ್ಲಿ ಐದು ಸಾಲುಗಳಿದ್ದವು. ಅದರಲ್ಲಿ ಎರಡು ನನಗೆ ಸಂಬಂಧವೇ ಇಲ್ಲದವು. ಅದನ್ನು ವಾಪಸ್ ಪಡೆಯಲು ತಿಂಗಳುಗಟ್ಟಲೆ ಓಡಾಡಿದೆ. ಅಂದಿನಿಂದ ನಾನು "ಒಟ್ಟು ಎಷ್ಟು" ಅಂತ ಕೇಳುವುದನ್ನು ಬಿಟ್ಟು "ಯಾವುದಕ್ಕೆ ಎಷ್ಟು" ಅಂತ ಕೇಳುತ್ತೇನೆ. ಈ ಬರಹ ಪೂರ್ತಿ ಆ ಒಂದು ಪ್ರಶ್ನೆಯ ಸುತ್ತ ಇದೆ.

ಶುರು ಮಾಡುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಕಾಲಂ ಎಳೆಯಿರಿ: ಯಾವ ಶುಲ್ಕ, ಯಾವ ಇಲಾಖೆಗೆ, ಯಾವ ನಿಯಮದ ಪ್ರಕಾರ, ಒಂದೇ ಸಲವೋ ಮತ್ತೆ ಮತ್ತೆಯೋ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಹಾಳೆ ತುಂಬುತ್ತಾ ಹೋಗುತ್ತದೆ.

ಹೆಜ್ಜೆ 1: ನಿಮ್ಮ ದೋಣಿ ಯಾವ ರಿಜಿಸ್ಟರಿಗೆ ಸೇರಬೇಕು?

ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಇಲ್ಲೇ. ದೋಣಿಗೆ "ನೋಂದಣಿ" ಅಂತ ನಾವು ಒಂದೇ ಮಾತಿನಲ್ಲಿ ಹೇಳುವುದು ನಿಜಕ್ಕೂ ನಾಲ್ಕು ಬೇರೆ ಬೇರೆ ಕೆಲಸ ಇರಬಹುದು. ಒಂದು, ದೋಣಿಯನ್ನು ಗುರುತಿಸುವ ನಂಬರ್ ಪಡೆಯುವುದು. ಎರಡು, ಅದು ನಿಮ್ಮದೇ ಎಂದು ಸಾಬೀತು ಮಾಡುವ ಮಾಲೀಕತ್ವದ ಪತ್ರ ಪಡೆಯುವುದು. ಮೂರು, ಒಂದು ನಿರ್ದಿಷ್ಟ ನದಿ, ಕಾಲುವೆ ಅಥವಾ ಕೆರೆಯಲ್ಲಿ ಓಡಿಸಲು ಪರವಾನಗಿ ಪಡೆಯುವುದು. ನಾಲ್ಕು, ಮೀನುಗಾರಿಕೆಗೋ ಪ್ರಯಾಣಿಕರನ್ನು ಸಾಗಿಸಲಿಕ್ಕೋ ಅನುಮತಿ ಪಡೆಯುವುದು. ಎಷ್ಟೋ ಕಡೆ ಈ ನಾಲ್ಕಕ್ಕೂ ಬೇರೆ ಬೇರೆ ಕಚೇರಿ, ಬೇರೆ ಬೇರೆ ಶುಲ್ಕ.

ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿ 24 ಮೀಟರ್‌ಗಿಂತ ಕಡಿಮೆ ಉದ್ದದ ದೋಣಿಗಳಿಗೆ ಸ್ಮಾಲ್ ಶಿಪ್ಸ್ ರಿಜಿಸ್ಟರ್ ಅಂತ ಒಂದಿದೆ. ಒಮ್ಮೆ ಸೇರಿದರೆ 5 ವರ್ಷ ನಡೆಯುತ್ತದೆ. ಆದರೆ ಅದು ಮಾಲೀಕತ್ವಕ್ಕೆ ಸಾಕ್ಷಿಯಲ್ಲ. ಸಾಲಕ್ಕೆ ಅಡ ಇಡಬೇಕು, ಹಕ್ಕು ಗಟ್ಟಿಯಾಗಿ ದಾಖಲಾಗಬೇಕು ಅಂದರೆ ಅದೇ ದೇಶದ ಹಡಗು ರಿಜಿಸ್ಟರಿನ ಮೊದಲ ಭಾಗಕ್ಕೆ (ಪಾರ್ಟ್ 1) ಹೋಗಬೇಕು. ಅದರ ಶುಲ್ಕ ಬೇರೆ, ಕಾಗದಪತ್ರ ಜಾಸ್ತಿ. ಇದನ್ನೆಲ್ಲ ಮುಗಿಸಿದರೂ ಒಳನಾಡಿನ ಕಾಲುವೆಗೆ ಇಳಿಸುವ ಹಾಗಿಲ್ಲ. ಅದಕ್ಕೆ ಕಾಲುವೆ ನೋಡಿಕೊಳ್ಳುವ ಸಂಸ್ಥೆಯಿಂದ ಬೇರೆ ಲೈಸೆನ್ಸ್ ಬೇಕು. ಇದು ಗೊತ್ತಿಲ್ಲದವರಿಗೆ ಒಂದೇ ದೋಣಿಗೆ ಎರಡು ಸಲ ದುಡ್ಡು ಕಿತ್ತರು ಅನಿಸುತ್ತದೆ.

ಕೆನಡಾದಲ್ಲಿ 10 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ ಇರುವ ವಿಹಾರದ ದೋಣಿಗೆ ಲೈಸೆನ್ಸ್ ಬೇಕು. ಅಲ್ಲಿ ಲೈಸೆನ್ಸ್ ಬೇರೆ, ನೋಂದಣಿ ಬೇರೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ. ಅಮೆರಿಕದಲ್ಲಿ ಎಂಜಿನ್ ಇರುವ ದೋಣಿಗೆ ನಂಬರ್ ಕೊಡುವ ಕೆಲಸ ರಾಜ್ಯಗಳದ್ದು. ದೋಣಿ ಯಾವ ರಾಜ್ಯದ ನೀರಿನಲ್ಲಿ ಹೆಚ್ಚಾಗಿ ಓಡುತ್ತದೋ ಆ ರಾಜ್ಯದಲ್ಲಿ ನಂಬರ್ ಪಡೆಯಬೇಕು. ನಿಮ್ಮ ಮನೆ ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ಭಾರತದಲ್ಲಿ 1917ರ ಹಳೇ ಕಾನೂನಿನ ಬದಲು 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಯಂತ್ರದಿಂದ ಓಡುವ ದೋಣಿಗೆ ತಪಾಸಣೆ ಮತ್ತು ನೋಂದಣಿ, ಹುಟ್ಟು ಹಾಕುವಂಥ ಯಂತ್ರವಿಲ್ಲದ ದೋಣಿಗೆ ಸ್ಥಳೀಯ ಸಂಸ್ಥೆಯಲ್ಲಿ ಹೆಸರು ಸೇರಿಸುವ ವ್ಯವಸ್ಥೆ. ಸಮುದ್ರದ ಮೀನುಗಾರಿಕೆ ದೋಣಿಯ ದಾರಿಯೇ ಬೇರೆ, ಅದಕ್ಕೆ ಮೀನುಗಾರಿಕೆ ಇಲಾಖೆಗೆ ಹೋಗಬೇಕು. ಇನ್ನು ನ್ಯೂಜಿಲೆಂಡಿನಲ್ಲಿ ವಿಹಾರಕ್ಕೆ ಬಳಸುವ ಹೆಚ್ಚಿನ ದೋಣಿಗಳಿಗೆ ಕಡ್ಡಾಯ ನೋಂದಣಿಯೇ ಇಲ್ಲ.

ಹಾಗಾಗಿ ಕಚೇರಿಗೆ ಹೋದಾಗ ಮೊದಲು ಮೂರು ವಿಷಯ ಹೇಳಿ: ದೋಣಿಗೆ ಎಂಜಿನ್ ಇದೆಯೋ ಇಲ್ಲವೋ, ಯಾವ ನೀರಿನಲ್ಲಿ ಓಡಿಸುತ್ತೀರಿ, ಸ್ವಂತಕ್ಕೋ ದುಡಿಮೆಗೋ. ಈ ಮೂರು ಗೊತ್ತಾಗದೆ ಯಾರೂ ನಿಮಗೆ ಸರಿಯಾದ ಶುಲ್ಕ ಹೇಳಲಾರರು.

ಎಂಜಿನ್ ಬಗ್ಗೆ ಒಂದು ಎಚ್ಚರಿಕೆ. ಬ್ಯಾಟರಿಯಿಂದ ಓಡುವ ಪುಟ್ಟ ಟ್ರೋಲಿಂಗ್ ಮೋಟರ್ ಕೂಡ ಎಂಜಿನ್ನೇ. ಹುಟ್ಟಿನ ದೋಣಿಗೆ ಅದನ್ನು ಸಿಕ್ಕಿಸಿದ ದಿನವೇ ಅದು ಮೋಟಾರು ದೋಣಿ ಅನ್ನಿಸಿಕೊಳ್ಳಬಹುದು. ಅಮೆರಿಕದಲ್ಲಿ ಹೀಗೇ ಆಗುತ್ತದೆ. ಕೆಲವು ಕಡೆ ಮೋಟರ್ ಇಲ್ಲದ ಕಯಾಕಿಗೂ ನೋಂದಣಿ ಕೇಳುತ್ತಾರೆ, ಓಹಾಯೋ ರಾಜ್ಯದಲ್ಲಿ ಇರುವ ಹಾಗೆ.

ಹೆಜ್ಜೆ 2: ಅಳತೆಯನ್ನು ನೀವೇ ತೆಗೆಯಿರಿ

ಹೆಚ್ಚಿನ ಶುಲ್ಕಪಟ್ಟಿಗಳು ದೋಣಿಯ ಉದ್ದದ ಮೇಲೆ ನಿಂತಿವೆ. ಕೆಲವು ಎಂಜಿನ್ನಿನ ಶಕ್ತಿಯ ಮೇಲೆ, ಕೆಲವು ಟನ್ ಮೇಲೆ. ಫ್ರಾನ್ಸಿನಂಥ ಕಡೆ ದೊಡ್ಡ ವಿಹಾರದ ದೋಣಿಗಳ ವಾರ್ಷಿಕ ತೆರಿಗೆಯಲ್ಲಿ ಉದ್ದಕ್ಕೊಂದು ಭಾಗ, ಎಂಜಿನ್ನಿಗೊಂದು ಭಾಗ ಸೇರಿಸುತ್ತಾರೆ. ಅಳತೆ ಒಂದು ಬೆರಳು ತಪ್ಪಿದರೂ ದೋಣಿ ಮುಂದಿನ ದರ್ಜೆಗೆ ಜಿಗಿದುಬಿಡಬಹುದು.

ಮಾರಾಟದ ಹೆಸರನ್ನು ನಂಬಬೇಡಿ. "20 ಅಡಿ ಮಾಡೆಲ್" ಅಂತ ಕರೆಯುವ ದೋಣಿ ಅಳೆದರೆ 19 ಅಡಿ 8 ಅಂಗುಲ ಇರಬಹುದು. ಮೀಟರಿನಲ್ಲಿ ಅದು 5.99. ಪೂರ್ತಿ 20 ಅಡಿ ಅಂದರೆ 6.10 ಮೀಟರ್. ಪಟ್ಟಿಯಲ್ಲಿ "6 ಮೀಟರ್‌ವರೆಗೆ" ಅಂತ ಗಡಿ ಇದ್ದರೆ, ಹೆಸರು ನೋಡಿ ಬರೆದವರು ವರ್ಷವರ್ಷವೂ ಸುಮ್ನೆ ಜಾಸ್ತಿ ಕಟ್ಟುತ್ತಾರೆ.

ಅಳೆಯುವ ಕ್ರಮ ಹೀಗೆ. ದೋಣಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಂದಿನ ತುದಿಯಿಂದ ನೆಲಕ್ಕೆ ಒಂದು ತೂಗುಗುಂಡು ಇಳಿಬಿಡಿ, ಹಿಂದಿನ ತುದಿಯಿಂದ ಇನ್ನೊಂದು. ನೆಲದ ಮೇಲಿನ ಎರಡು ಗುರುತುಗಳ ನಡುವಿನ ದೂರ ಅಳೆಯಿರಿ. ಅಂಚಿನ ಗುಂಟ ಟೇಪ್ ಹಿಡಿದರೆ ಬಾಗು ಸೇರಿಕೊಂಡು ಉದ್ದ ಹೆಚ್ಚು ಬರುತ್ತದೆ. ಹಿಂಬದಿಗೆ ತೂಗುಹಾಕಿದ ಔಟ್‌ಬೋರ್ಡ್ ಎಂಜಿನ್, ಬಿಚ್ಚಬಹುದಾದ ಏಣಿ, ಈಜಲು ಇಳಿಯುವ ಹಲಗೆ ಇವುಗಳನ್ನು ಸೇರಿಸಬೇಕೋ ಬೇಡವೋ ಅನ್ನುವುದು ನಿಯಮದ ವ್ಯಾಖ್ಯೆಯಲ್ಲಿ ಇರುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದಲ್ಲಿ ಔಟ್‌ಬೋರ್ಡ್ ಎಂಜಿನ್ ಉದ್ದಕ್ಕೆ ಸೇರುವುದಿಲ್ಲ. ನಿಮ್ಮ ಅರ್ಜಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುವ ವ್ಯಾಖ್ಯೆಯನ್ನು ಓದಿ, ಅದರಂತೆ ಅಳೆಯಿರಿ. ಟೇಪ್ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಯಾರಾದರೂ ಪ್ರಶ್ನಿಸಿದರೆ ಕೈಯಲ್ಲಿ ಏನಾದರೂ ಇರುತ್ತದೆ.

ಟನ್ ಅನ್ನುವ ಪದ ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ದೋಣಿಯ ಕಾಗದದಲ್ಲಿ "ನೆಟ್ ಟನ್" ಅಂದರೆ ತೂಕವಲ್ಲ, ಒಳಗಿನ ಜಾಗದ ಲೆಕ್ಕ. ಹಳೇ ಪದ್ಧತಿಯಲ್ಲಿ ಒಂದು ರಿಜಿಸ್ಟರ್ ಟನ್ ಅಂದರೆ 100 ಘನ ಅಡಿ. ಅಮೆರಿಕದಲ್ಲಿ ರಾಜ್ಯದ ಮಾಲೀಕತ್ವದ ಕಾಗದದ ಬದಲು ಕೇಂದ್ರದ ದಾಖಲಾತಿ ಪಡೆಯಲು ಕನಿಷ್ಠ 5 ನೆಟ್ ಟನ್ ಇರಬೇಕು. ತಕ್ಕಡಿಯಲ್ಲಿ ಎರಡು ಟನ್ ತೂಗುವ ದೋಣಿ ಈ ಲೆಕ್ಕದಲ್ಲಿ ಬೇರೆಯೇ ಅಂಕಿ ತೋರಿಸಬಹುದು.

ಎಂಜಿನ್ ಶಕ್ತಿಗೂ ಇದೇ ಮಾತು. ಅಶ್ವಶಕ್ತಿಯನ್ನು ಕಿಲೋವ್ಯಾಟಿಗೆ ಬದಲಾಯಿಸಲು 0.746ರಿಂದ ಗುಣಿಸಿ. 10 ಅಶ್ವಶಕ್ತಿ ಅಂದರೆ ಸುಮಾರು 7.5 ಕಿಲೋವ್ಯಾಟ್. 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಅಷ್ಟೊಂದು ಕಾಣಸಿಗುವುದಕ್ಕೆ ಇಂಥ 10ರ ಗಡಿಗಳೂ ಒಂದು ಕಾರಣ. ಅಂಕಿಯನ್ನು ಎಂಜಿನ್ನಿನ ಮೇಲಿನ ಪ್ಲೇಟಿನಿಂದಲೇ ತೆಗೆದುಕೊಳ್ಳಿ. ಮೇಲಿನ ಕವಚದ ಸ್ಟಿಕ್ಕರ್ ಯಾರು ಬೇಕಾದರೂ ಬದಲಿಸಿರಬಹುದು.

ಹೆಜ್ಜೆ 3: ಬಿಲ್ಲನ್ನು ಬಿಡಿಬಿಡಿ ಮಾಡಿ

ಈಗ ಹಾಳೆ ತುಂಬುವ ಹೊತ್ತು. ಯಾವ ದೇಶದಲ್ಲಾದರೂ ಒಂದು ದೋಣಿಯ ಬಿಲ್ಲಿನಲ್ಲಿ ಬರಬಹುದಾದ ಸಾಲುಗಳು ಸುಮಾರು ಇವೇ.

ಮೊದಲನೆಯದು ಮೂಲ ನೋಂದಣಿ ಶುಲ್ಕ. ಇದು ಒಂದು, ಎರಡು, ಮೂರು ಅಥವಾ ಐದು ವರ್ಷಕ್ಕೆ ಇರುತ್ತದೆ. ಪಟ್ಟಿಯಲ್ಲಿ ಬರೆದಿರುವುದು ವರ್ಷದ್ದೋ ಪೂರ್ತಿ ಅವಧಿಯದೋ ಅಂತ ನೋಡಿ. ಎರಡು ಊರಿನವರು ದರ ಹೋಲಿಸಿ ಜಗಳ ಆಡುವುದಕ್ಕೆ ಹೆಚ್ಚಾಗಿ ಈ ಅವಧಿಯ ವ್ಯತ್ಯಾಸವೇ ಕಾರಣ.

ಎರಡನೆಯದು ಮಾಲೀಕತ್ವ ಪತ್ರದ ಶುಲ್ಕ. ಇದನ್ನು ದೋಣಿ ಕೈ ಬದಲಾದಾಗ ಮಾತ್ರ ಕಟ್ಟಬೇಕು. ನವೀಕರಣದ ಬಿಲ್ಲಿನಲ್ಲಿ ಇದು ಮತ್ತೆ ಕಂಡರೆ ಖಂಡಿತ ಕೇಳಿ. ನನ್ನ ರಸೀದಿಯಲ್ಲಿದ್ದ ತಪ್ಪು ಸಾಲುಗಳಲ್ಲಿ ಒಂದು ಇಂಥದ್ದೇ: ಅದೇ ಪತ್ರದ ನಕಲು ಪ್ರತಿಗೆ ದುಡ್ಡು ಹಾಕಿದ್ದರು, ನಾನು ನಕಲು ಕೇಳಿಯೇ ಇರಲಿಲ್ಲ.

ಮೂರನೆಯದು ತಪಾಸಣೆ ಅಥವಾ ಸರ್ವೆ ಶುಲ್ಕ. ಕೈಯಾರೆ ಕಟ್ಟಿದ ದೋಣಿಗೆ, ನಂಬರ್ ಇಲ್ಲದ ಹಳೇ ದೋಣಿಗೆ, ಪ್ರಯಾಣಿಕರನ್ನು ಕರೆದೊಯ್ಯುವ ದೋಣಿಗೆ ಇದು ಬರುತ್ತದೆ. ಇಲ್ಲಿ ಎರಡು ಪಾವತಿ ಇರಬಹುದು, ಇಲಾಖೆಗೆ ಒಂದು, ಅಳತೆ ಮಾಡಲು ಬರುವ ಖಾಸಗಿ ಸರ್ವೇಯರಿಗೆ ಒಂದು. ಎರಡನೆಯದು ಸರ್ಕಾರದ ಪಟ್ಟಿಯಲ್ಲಿ ಕಾಣುವುದಿಲ್ಲ. ದೋಣಿ ಇರುವ ಕಡೆಗೇ ಅವರನ್ನು ಕರೆಸಿದರೆ ಓಡಾಟದ ಖರ್ಚನ್ನೂ ಮೊದಲೇ ಮಾತಾಡಿಕೊಳ್ಳಿ.

ನಾಲ್ಕನೆಯದು ಬೇರೆಯವರ ಪರವಾಗಿ ವಸೂಲು ಮಾಡುವ ಸಣ್ಣ ಶುಲ್ಕಗಳು. ಬೇರೆ ನೀರಿನಿಂದ ಅಂಟಿಕೊಂಡು ಬರುವ ಗಿಡ, ಚಿಪ್ಪುಜೀವಿಗಳನ್ನು ತಡೆಯುವ ನಿಧಿಗೆ, ರಕ್ಷಣಾ ಕಾರ್ಯದ ನಿಧಿಗೆ, ದಡದ ಜೆಟ್ಟಿಗಳ ನಿರ್ವಹಣೆಗೆ ಹೀಗೆ ಸ್ವಲ್ಪ ಸ್ವಲ್ಪ ಸೇರುತ್ತದೆ. ಇವುಗಳಲ್ಲಿ ಕೆಲವು ಕಡ್ಡಾಯ, ಕೆಲವು ದೇಣಿಗೆ. ಆನ್‌ಲೈನ್ ಅರ್ಜಿಯಲ್ಲಿ ದೇಣಿಗೆಯ ಚೌಕಕ್ಕೆ ಮೊದಲೇ ಟಿಕ್ ಬಿದ್ದಿದೆಯೇ ಅಂತ ನೋಡಿಕೊಳ್ಳಿ. ಕೊಡುವ ಮನಸ್ಸಿದ್ದರೆ ಕೊಡಿ, ಗೊತ್ತಿದ್ದು ಕೊಡಿ.

ಐದನೆಯದು ಸೇವಾ ಶುಲ್ಕ. ಕಾರ್ಡಿನಲ್ಲಿ ಕಟ್ಟಿದ್ದಕ್ಕೆ, ಅಂಚೆಯಲ್ಲಿ ಕಳಿಸಿದ್ದಕ್ಕೆ, ಖಾಸಗಿ ಸೇವಾ ಕೇಂದ್ರದ ಮೂಲಕ ಹೋಗಿದ್ದಕ್ಕೆ. ಇದರಲ್ಲಿ ಹೆಚ್ಚಿನದನ್ನು ತಪ್ಪಿಸಿಕೊಳ್ಳಬಹುದು.

ಆಮೇಲೆ ದಂಡ ಮತ್ತು ಬಾಕಿ, ಅದರ ಮಾತು ಮುಂದೆ ಬರುತ್ತದೆ. ಟ್ರೇಲರನ್ನು ಮರೆಯಬೇಡಿ. ರಸ್ತೆಯ ಮೇಲೆ ಎಳೆಯುವ ಟ್ರೇಲರ್ ಬಹಳ ಕಡೆ ವಾಹನ ಇಲಾಖೆಗೆ ಸೇರುತ್ತದೆ. ದೋಣಿಯ ಕಚೇರಿಯವರು ಅದರ ಬಗ್ಗೆ ಒಂದು ಮಾತೂ ಹೇಳುವುದಿಲ್ಲ, ಯಾಕಂದರೆ ಅದು ಅವರ ಕೆಲಸ ಅಲ್ಲ.

ಪ್ರತಿ ಸಾಲಿನ ಎದುರು "ಯಾವ ನಿಯಮದ ಪ್ರಕಾರ" ಅನ್ನುವ ಕಾಲಂ ತುಂಬುವುದು ಸ್ವಲ್ಪ ಕಷ್ಟದ ಕೆಲಸ. ಆದರೂ ಬಿಡಬೇಡಿ. ಕೌಂಟರಿನಲ್ಲಿ ಸಮಾಧಾನದಿಂದ ಹೀಗೆ ಕೇಳಿ: "ಸರ್, ಈ ಸಾಲು ಯಾವ ನಿಯಮದಲ್ಲಿ ಬರುತ್ತೆ? ನಂಬರ್ ಹೇಳಿದರೆ ಬರೆದುಕೊಳ್ಳುತ್ತೇನೆ." ಸರಿಯಾದ ಶುಲ್ಕವಾಗಿದ್ದರೆ ಅವರು ಪಟ್ಟಿ ತೆಗೆದು ತೋರಿಸುತ್ತಾರೆ. ತಪ್ಪಾಗಿ ಸೇರಿದ್ದಾದರೆ ಎಷ್ಟೋ ಸಲ ಆ ಪ್ರಶ್ನೆಗೇ ಅದು ಬಿಲ್ಲಿನಿಂದ ಬಿದ್ದುಹೋಗುತ್ತದೆ. ನನ್ನ ಎರಡನೇ ದೋಣಿಯ ಬಿಲ್ಲಿನಲ್ಲಿ ಹೀಗೇ ಆಯಿತು.

ಹೆಜ್ಜೆ 4: ತೆರಿಗೆಯನ್ನು ಶುಲ್ಕದ ಜೊತೆ ಬೆರೆಸಬೇಡಿ

ಬಿಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಸಾಮಾನ್ಯವಾಗಿ ತೆರಿಗೆಯದು. ಶುಲ್ಕ ಒಂದು ನಿಗದಿ ಮೊತ್ತ. ಕೊಂಡಾಗ ಬೀಳುವ ತೆರಿಗೆ ಹೆಚ್ಚಾಗಿ ದೋಣಿಯ ಬೆಲೆಯ ಶೇಕಡಾವಾರು. ಹಾಗಾಗಿ ನಿಮ್ಮ ಗೆಳೆಯರು ಕಟ್ಟಿದ ಮೊತ್ತ ನಿಮಗೆ ಅನ್ವಯಿಸುವುದಿಲ್ಲ.

ಒಂದು ರಾಜ್ಯದಲ್ಲಿ ಕೊಂಡು ಇನ್ನೊಂದರಲ್ಲಿ ನೋಂದಾಯಿಸುವವರು ಇಲ್ಲಿ ಎಡವುತ್ತಾರೆ. ಅಮೆರಿಕದಲ್ಲಿ ಡೆಲಾವೇರ್, ಆರೆಗನ್‌ನಂಥ ರಾಜ್ಯಗಳಲ್ಲಿ ಮಾರಾಟ ತೆರಿಗೆ ಇಲ್ಲ. ಅಲ್ಲಿ ಕೊಂಡರೆ ಉಳಿತಾಯ ಅಂದುಕೊಂಡು ದೋಣಿ ತರುತ್ತಾರೆ. ತಮ್ಮ ರಾಜ್ಯದ ಕಚೇರಿಗೆ ಹೋದರೆ ಅಲ್ಲಿ "ಬಳಕೆ ತೆರಿಗೆ" ಅಂತ ಕೇಳುತ್ತಾರೆ. ಬೇರೆ ಕಡೆ ತೆರಿಗೆ ಕಟ್ಟಿದ್ದರೆ ಆ ರಸೀದಿ ತೋರಿಸಿದಾಗ ಸಾಮಾನ್ಯವಾಗಿ ಅಷ್ಟನ್ನು ಕಳೆಯುತ್ತಾರೆ. ರಸೀದಿ ಇಲ್ಲದಿದ್ದರೆ ಪೂರ್ತಿ ಕಟ್ಟಬೇಕಾಗುತ್ತದೆ.

ಮಾರಾಟ ಪತ್ರ ಬರೆಸುವಾಗಲೇ ದೋಣಿ, ಎಂಜಿನ್, ಟ್ರೇಲರ್, ಬಿಡಿ ಸಾಮಾನು ಇವುಗಳ ಬೆಲೆಯನ್ನು ಬೇರೆ ಬೇರೆ ಬರೆಸಿ. ಇವಕ್ಕೆ ಬೇರೆ ಬೇರೆ ದರ ಇರಬಹುದು, ಕೆಲವಕ್ಕೆ ತೆರಿಗೆಯೇ ಇಲ್ಲದಿರಬಹುದು. ಎಲ್ಲವನ್ನೂ ಒಂದೇ ಮೊತ್ತದಲ್ಲಿ ಬರೆದರೆ ಆಮೇಲೆ ಬಿಡಿಸಲು ಆಗುವುದಿಲ್ಲ. ಬೆಲೆಯನ್ನು ಕಡಿಮೆ ಬರೆಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಅದು ಸುಳ್ಳು ಘೋಷಣೆ. ದೋಣಿ ಮುಳುಗಿದರೆ ವಿಮೆಯವರು ಎದುರಿಗೆ ಇಡುವುದೂ ಅದೇ ಕಾಗದವನ್ನು.

ಹೆಜ್ಜೆ 5: ಹಳೇ ದೋಣಿಯಾದರೆ ದುಡ್ಡು ಕೊಡುವ ಮೊದಲು

ನನ್ನ ಎರಡನೇ ದೋಣಿ ಬಳಸಿದ್ದು. ಮಾರುವವರು ಒಳ್ಳೆಯವರು, ದೋಣಿಯೂ ಚೆನ್ನಾಗಿತ್ತು. ಆದರೆ ಮೂರು ವರ್ಷದಿಂದ ನವೀಕರಣ ಆಗಿರಲಿಲ್ಲ. ಹೆಸರು ಬದಲಾಯಿಸಲು ಹೋದಾಗ ಮೂರು ವರ್ಷದ ಬಾಕಿ ಮತ್ತು ದಂಡ ನನ್ನ ಹೆಸರಿಗೆ ಬಂತು. ನಿಯಮ ಓದಿದೆ. ದೋಣಿ ನೀರಿಗೆ ಇಳಿಯದೆ ಶೆಡ್ಡಿನಲ್ಲೇ ಇತ್ತು ಅನ್ನುವ ಹೇಳಿಕೆಯನ್ನು ಹಳೇ ಮಾಲೀಕರು ಸಹಿ ಮಾಡಿ ಕೊಟ್ಟರೆ ಆ ಅವಧಿಗೆ ಶುಲ್ಕ ಇಲ್ಲ ಅಂತ ಅಲ್ಲೇ ಇತ್ತು. ಅವರನ್ನು ಮತ್ತೆ ಹುಡುಕಿ ಸಹಿ ಹಾಕಿಸಿಕೊಂಡೆ. ಇಂಥ ವಿನಾಯಿತಿ ಎಲ್ಲ ಕಡೆ ಇರುವುದಿಲ್ಲ, ಆದರೆ ಇದೆಯಾ ಅಂತ ಹುಡುಕುವುದಕ್ಕೆ ಹತ್ತು ನಿಮಿಷ ಸಾಕು.

ಕೊಳ್ಳುವ ಮೊದಲು ಮಾರುವವರ ಜೊತೆಗೇ ಕಚೇರಿಗೆ ಹೋಗಿ, ಆಗದಿದ್ದರೆ ಅವರಿಂದಲೇ ಆನ್‌ಲೈನಿನಲ್ಲಿ ತೆಗೆಸಿ, ಇಷ್ಟು ನೋಡಿ: ಕೊನೆಯ ನವೀಕರಣ ಯಾವಾಗ, ಬಾಕಿ ಎಷ್ಟು, ಸಾಲಕ್ಕೆ ಅಡ ಇದೆಯೇ, ಕಾಗದದಲ್ಲಿರುವ ಮಾಲೀಕರು ಇವರೇನಾ. ಬಾಕಿ ಇದ್ದರೆ ಬೆಲೆಯಲ್ಲಿ ಕಳೆಯಿರಿ.

ಆಮೇಲೆ ಹಲ್ ನಂಬರ್, ಅಂದರೆ ದೋಣಿಯ ಒಡಲಿನ ಮೇಲೆ ತಯಾರಕರು ಹಾಕುವ ಗುರುತು. ಅಮೆರಿಕದ ಮಾರುಕಟ್ಟೆಗಾಗಿ 1972ರ ನವೆಂಬರ್ ನಂತರ ತಯಾರಾದ ದೋಣಿಗಳ ಹಿಂಬದಿಯ ಬಲಗಡೆ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಮೊದಲ ಮೂರು ತಯಾರಕರ ಗುರುತು. 1984ರಿಂದ ಇದನ್ನೇ ಇನ್ನೊಂದು ಮರೆಯಾದ ಜಾಗದಲ್ಲೂ ಹಾಕುತ್ತಾರೆ. ದೋಣಿಯ ಮೇಲಿನ ಗುರುತನ್ನು ಕಾಗದದ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸೊನ್ನೆ ಮತ್ತು 'ಓ' ಅಕ್ಷರ ಅದಲುಬದಲಾಗಿ ಬರೆದಿರುವುದು ಸಾಮಾನ್ಯ. ಅಷ್ಟು ಸಣ್ಣ ತಪ್ಪಿಗೂ ತಿದ್ದುಪಡಿ ಶುಲ್ಕ, ಮತ್ತೆ ತಪಾಸಣೆ ಬೀಳಬಹುದು. ಗುರುತನ್ನು ಉಜ್ಜಿ ತೆಗೆದ ಹಾಗೆ ಕಂಡರೆ ಆ ದೋಣಿ ಬೇಡವೇ ಬೇಡ.

ಹೆಜ್ಜೆ 6: ತಾರೀಖು ನೋಡಿ ಕಟ್ಟಿ

ಅವಧಿ ಎರಡು ಥರ ಇರುತ್ತದೆ. ಕೆಲವು ಕಡೆ ನೀವು ಕಟ್ಟಿದ ದಿನದಿಂದ ಲೆಕ್ಕ. ಕೆಲವು ಕಡೆ ಎಲ್ಲರಿಗೂ ಒಂದೇ ಕೊನೆಯ ದಿನ. ಎರಡನೇ ಥರದಲ್ಲಿ ಅವಧಿ ಮುಗಿಯಲು ಎರಡು ತಿಂಗಳಿರುವಾಗ ಪೂರ್ತಿ ಶುಲ್ಕ ಕಟ್ಟಿದರೆ ನಷ್ಟ. ಉಳಿದ ತಿಂಗಳಿಗೆ ಮಾತ್ರ ಕಟ್ಟುವ ಅವಕಾಶ ಇದೆಯೇ ಕೇಳಿ. ಇಲ್ಲ ಅಂದರೆ ದೋಣಿಯನ್ನು ಅಷ್ಟು ದಿನ ನೀರಿಗೆ ಇಳಿಸದೆ ಕಾಯಬಹುದೇ ಯೋಚಿಸಿ. ನೋಂದಣಿ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಕಟ್ಟುವ ದಂಡ ಉಳಿತಾಯಕ್ಕಿಂತ ಜಾಸ್ತಿ.

ಕೊಂಡ ಮೇಲೆ ಹೆಸರು ಬದಲಾಯಿಸಲು ಇಷ್ಟು ದಿನ ಅಂತ ಗಡುವು ಇರುತ್ತದೆ. ಬೇರೆ ಕಡೆಗೆ ದೋಣಿ ಒಯ್ದರೂ ಗಡುವು ಇರುತ್ತದೆ. ಅಮೆರಿಕದಲ್ಲಿ ಒಂದು ರಾಜ್ಯದ ನಂಬರ್ ಇಟ್ಟುಕೊಂಡು ಇನ್ನೊಂದು ರಾಜ್ಯದ ನೀರಿನಲ್ಲಿ 60 ದಿನ ಓಡಿಸಬಹುದು. ಈ ಎರಡು ತಾರೀಖನ್ನು ಹಾಳೆಯ ಮೇಲ್ಗಡೆ ದಪ್ಪಗೆ ಬರೆದಿಡಿ.

ಹೆಜ್ಜೆ 7: ಸರಿಯಾದ ಜಾಗದಲ್ಲೇ ಕಟ್ಟಿ

"ನಿಮ್ಮ ದೋಣಿಯ ನವೀಕರಣ ಬಾಕಿ ಇದೆ, ಕೂಡಲೇ ಕಟ್ಟಿ" ಅಂತ ಸರ್ಕಾರದ ಪತ್ರದ ಹಾಗೇ ಕಾಣುವ ಕಾಗದ ಮನೆಗೆ ಬರಬಹುದು. ಅಮೆರಿಕದ ಕೋಸ್ಟ್ ಗಾರ್ಡಿನ ದಾಖಲಾತಿ ಕೇಂದ್ರವೇ ಇಂಥ ಖಾಸಗಿ ಕಂಪನಿಗಳ ಬಗ್ಗೆ ಎಚ್ಚರಿಸಿದೆ. ಅವರು ನಿಜವಾದ ಶುಲ್ಕದ ಮೇಲೆ ತಮ್ಮ ದುಡ್ಡು ಸೇರಿಸಿಕೊಳ್ಳುತ್ತಾರೆ. ಪತ್ರದಲ್ಲಿರುವ ಲಿಂಕ್ ಒತ್ತಬೇಡಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತನ್ನೂ ಒತ್ತಬೇಡಿ. ನಿಮ್ಮ ಹಳೇ ನೋಂದಣಿ ಪತ್ರದ ಮೇಲೆ ಅಚ್ಚಾಗಿರುವ ವಿಳಾಸವನ್ನೇ ಟೈಪ್ ಮಾಡಿ.

ಏಜೆಂಟ್ ಇಟ್ಟುಕೊಳ್ಳುವುದು ತಪ್ಪಲ್ಲ, ಕೆಲವು ಸಲ ಬೇಕೇ ಬೇಕು. ಅವರ ಕೂಲಿ ಎಷ್ಟು, ಸರ್ಕಾರಕ್ಕೆ ಎಷ್ಟು ಅಂತ ಎರಡು ಬೇರೆ ಕಾಗದದಲ್ಲಿ ಬರೆಸಿಕೊಳ್ಳಿ. ಸರ್ಕಾರದ ರಸೀದಿ ನಿಮ್ಮ ಹೆಸರಿನಲ್ಲಿ ಇರಲಿ. ರಸೀದಿ ಕೊಡದ ಯಾವ ಶುಲ್ಕವನ್ನೂ ಕಟ್ಟಬೇಡಿ.

ಹೆಜ್ಜೆ 8: ಜಾಸ್ತಿ ಕೇಳಿದ್ದಾರೆ ಅನಿಸಿದರೆ

ಕೌಂಟರಿನಲ್ಲಿ ವಾದಕ್ಕೆ ಇಳಿಯಬೇಡಿ. ಅಲ್ಲಿ ಕೂತವರು ಪರದೆ ತೋರಿಸಿದ್ದನ್ನು ಹೇಳುತ್ತಿರುತ್ತಾರೆ. ಮೊದಲು ದೋಣಿಯ ದರ್ಜೆ, ಉದ್ದ, ಬಳಕೆ ಸರಿಯಾಗಿ ನಮೂದಾಗಿದೆಯೇ ನೋಡಲು ಹೇಳಿ. ತಪ್ಪು ಬಿಲ್ಲುಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಸ್ವಂತ ಬಳಕೆಯ ದೋಣಿಯನ್ನು ವ್ಯಾಪಾರದ್ದು ಅಂತ ದಾಖಲಿಸಿರುವುದನ್ನು.

ಆಗಲೂ ಬಗೆಹರಿಯದಿದ್ದರೆ ಒಂದು ಪುಟದ ಪತ್ರ ಬರೆಯಿರಿ. ಅರ್ಜಿ ಸಂಖ್ಯೆ, ಯಾವ ಸಾಲಿನ ಬಗ್ಗೆ ತಕರಾರು, ನಿಯಮ ಏನು ಹೇಳುತ್ತದೆ, ನಿಮಗೆ ಏನು ಬೇಕು. ಇಷ್ಟೇ ಸಾಕು. ಅಳತೆಯ ಫೋಟೋ ಲಗತ್ತಿಸಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಗಡುವು ಹತ್ತಿರವಿದ್ದರೆ ದುಡ್ಡು ಕಟ್ಟಿಬಿಡಿ, "ತಕರಾರು ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಅಂತ ಪತ್ರದಲ್ಲಿ ಸೇರಿಸಿ. ಇದರಿಂದ ದಂಡವೂ ಬೀಳುವುದಿಲ್ಲ, ವಾಪಸ್ ಕೇಳುವ ದಾರಿಯೂ ಉಳಿಯುತ್ತದೆ. ವಾಪಸಾತಿಗೂ ಕಾಲಮಿತಿ ಇರುತ್ತದೆ, ಅದನ್ನೂ ಹಾಳೆಗೆ ಸೇರಿಸಿ. ಶುಲ್ಕದ ಆದೇಶವೇ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಭಾರತದಲ್ಲಿ 2005ರ ಕಾಯ್ದೆ ಇದೆ, ಬೇರೆ ಎಷ್ಟೋ ದೇಶಗಳಲ್ಲೂ ಇಂಥ ಕಾನೂನು ಇದೆ.

ಹೆಜ್ಜೆ 9: ಪತ್ರ ಕೈಗೆ ಬಂದ ಮೇಲೆ

ಕೂಡಲೇ ಹೆಸರು, ಉದ್ದ, ಹಲ್ ನಂಬರ್, ಕೊನೆಯ ದಿನ ಓದಿ ನೋಡಿ. ತಪ್ಪಿದ್ದರೆ ಮೊದಲ ವಾರದಲ್ಲೇ ಹೇಳಿ, ಆಗ ಕೆಲವು ಕಡೆ ಪುಕ್ಕಟೆಯಾಗಿ ತಿದ್ದಬಹುದು. ನಂಬರನ್ನು ನಿಯಮ ಹೇಳಿದ ಅಳತೆಯಲ್ಲಿ ಅಂಟಿಸಿ. ಅಮೆರಿಕದಲ್ಲಿ ದೋಣಿಯ ಮುಂಭಾಗದ ಎರಡೂ ಕಡೆ, ಕನಿಷ್ಠ 3 ಅಂಗುಲ ಎತ್ತರದ ಅಕ್ಷರ, ಹಿನ್ನೆಲೆಗೆ ಎದ್ದು ಕಾಣುವ ಬಣ್ಣ ಇರಬೇಕು. ಶುಲ್ಕ ಎಲ್ಲ ಕಟ್ಟಿ ಅಕ್ಷರ ಸಣ್ಣದಾಯಿತು ಅಂತ ದಂಡ ತೆರುವುದು ಬೇಡ, ಅಲ್ವಾ? ಮೂಲ ಪತ್ರವನ್ನು ನೀರು ತಾಗದ ಚೀಲದಲ್ಲಿ ದೋಣಿಯಲ್ಲೇ ಇಡಿ, ಸ್ಕ್ಯಾನ್ ಪ್ರತಿ ಫೋನಿನಲ್ಲಿರಲಿ.

ದೋಣಿ ಮಾರಿದ ದಿನ ಕಚೇರಿಗೆ ತಿಳಿಸಿ. ಕೊಂಡವರು ಹೆಸರು ಬದಲಾಯಿಸಿಕೊಳ್ಳುತ್ತಾರೆ ಅಂತ ಬಿಟ್ಟರೆ ಮುಂದಿನ ನವೀಕರಣದ ನೋಟಿಸು, ದಂಡ ಎಲ್ಲವೂ ನಿಮ್ಮ ಮನೆಗೇ ಬರುತ್ತದೆ. ತಿಳಿಸಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಆ ನಾಲ್ಕು ಕಾಲಂಗಳ ಹಾಳೆ ಮತ್ತು ರಸೀದಿಗಳ ಒಂದೊಂದು ಪ್ರತಿಯನ್ನು ಕೊಂಡವರ ಕೈಗೆ ಕೊಡಿ, ಇನ್ನೊಂದು ನಿಮ್ಮ ಹತ್ತಿರ ಇರಲಿ.